ಸೊಸೆಗೊಂದು ಗಂಟೆ

ಮರೆವಿನ ಕಾಯಿಲೆಗೆ ಮಾತ್ರೆ ಬರೆದುಕೊಡುವವರಿದ್ದಾರೆ. ಮರೆತವರನ್ನು ಹಗಲೂ ರಾತ್ರಿ ಕಾಯುವ ಹೆಂಗಸಿಗೆ ಏನು ಕೊಡುವುದು? ಬಣ್ಣ, ಸೂಜಿದಾರ, ಹಾಡು ಎನ್ನುತ್ತದೆ ಕಲಾ ಚಿಕಿತ್ಸೆ. ಮಹಾಲಯ ಅಮಾವಾಸ್ಯೆಯೂ ವಿಶ್ವ ಆಲ್ಝೈಮರ್ ದಿನವೂ ಒಟ್ಟಿಗೇ ಬಂದ 2025ರ ಒಂದು ಭಾನುವಾರ, ಆ ಮಾತು ಜವನಗೊಂಡನಹಳ್ಳಿ ಹೋಬಳಿಯ ಪಡಸಾಲೆಗಳಲ್ಲಿ ಎಷ್ಟು ನಡೆದೀತು?

ಎಲೆ ತುಂಬ ಕಡುಬು, ವಡೆ, ಪಾಯಸ. ಪಕ್ಕದಲ್ಲಿ ಮಡಿಕೆ ಬಿಚ್ಚದ ಪಂಚೆ, ಅದರ ಮೇಲೊಂದು ಕಟ್ಟು ಬೀಡಿ. ಪಕ್ಷದ ಎಡೆ ತಯಾರಾಗಿದೆ. ಊದುಬತ್ತಿ ಹಚ್ಚುತ್ತಿದ್ದ ಸೊಸೆಯನ್ನು ಗೋಡೆಗೊರಗಿ ಕೂತ ಅಜ್ಜಿ ಕೇಳುತ್ತಾಳೆ: 'ಯಾರಿಗವ್ವ ಈ ಎಡೆ?'

'ಮಾವಂಗೆ ಕಣತ್ತೆ.'

ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಎದೆ ಬಡಿದುಕೊಂಡು ಅಳಲು ತೊಡಗುತ್ತಾಳೆ. 'ಯಾವಾಗ ಹೋದ್ರು? ನಂಗ್ಯಾಕೆ ಯಾರೂ ಹೇಳ್ಲಿಲ್ಲ?' ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿದೆ. ಅವತ್ತು ಹೆಣದ ಮುಂದೆ ಕೂತು ಅತ್ತವಳೂ ಇವಳೇ. ಅರ್ಧ ಗಂಟೆಗೆ ಅಳು ನಿಲ್ಲುತ್ತದೆ, ಕಣ್ಣು ಮತ್ತೆ ಎಲೆಯ ಮೇಲೆ ಬೀಳುತ್ತದೆ. 'ಯಾರಿಗವ್ವ ಈ ಎಡೆ?'

ಈ ಸಲ ಸೊಸೆ ಎಡವುವುದಿಲ್ಲ. 'ದೇವ್ರಿಗೆ ಕಣತ್ತೆ.'

ಸಂಜೆಗೆ ಇನ್ನೊಂದು ಪಾಡು. ಹೊತ್ತು ಇಳಿಯುತ್ತಿದ್ದಂತೆ ಅಜ್ಜಿಗೆ ತವರು ನೆನಪಾಗುತ್ತದೆ. 'ಕುರಿ ಬರೋ ಹೊತ್ತಾತು, ಹಟ್ಟಿಗೆ ಹೋಗ್ಬೇಕು' ಎಂದು ಎದ್ದು ಬಾಗಿಲಿಗೆ ಬರುತ್ತಾಳೆ. ಕೂಗಿದರೆ ಕೇಳುವಷ್ಟು ದೂರದಲ್ಲಿ ರಾಷ್ಟ್ರೀಯ ಹೆದ್ದಾರಿ 48. ಬೆಂಗಳೂರಿಂದ ಪುಣೆ ಕಡೆಗೆ ಓಡುವ ಲಾರಿಗಳು ಇಲ್ಲಿ ಯಾರಿಗೂ ನಿಧಾನಿಸುವುದಿಲ್ಲ. ಅದಕ್ಕೇ ಬಾಗಿಲಿಗೆ ಒಳಗಿನಿಂದ ಚಿಲಕ, ಚಿಲಕಕ್ಕೆ ಬೀಗ, ಬೀಗದ ಕೈ ಸೊಸೆಯ ಕೊರಳ ದಾರದಲ್ಲಿ.

ಗುರುತು ಹತ್ತದಿರಲೆಂದು ಎರಡು ಮೂರು ಮನೆಗಳ ಸಂಗತಿಯನ್ನು ಒಂದೇ ಮನೆಯದೆಂಬಂತೆ ಬರೆದಿದ್ದೇನೆ. ಹಿರಿಯೂರು ತಾಲ್ಲೂಕಿನ ಈ ಹೋಬಳಿಯವರಿಗೆ ಮನೆ ಯಾವುದೆಂದು ಹುಡುಕುವ ಅಗತ್ಯವೂ ಬೀಳದು. ಇಂಥದೊಂದು ಮನೆ ಅವರವರ ಬೀದಿಯಲ್ಲೇ ಇರುತ್ತದೆ. ಅತ್ತೆ ತಪ್ಪಿಸಿಕೊಂಡರೆ ಊರೆಲ್ಲ ಹುಡುಕಲು ಹೊರಡುತ್ತದೆ. ಸೊಸೆ ಅದೇ ಬೀಗದ ಹಿಂದೆ ಕಾಣೆಯಾಗಿ ವರ್ಷಗಳೇ ಆಗಿರುವುದು ಯಾರ ಕಣ್ಣಿಗೂ ಬಿದ್ದಿಲ್ಲ. ಮದುವೆ ಮನೆಗಿಲ್ಲ, ಜಾತ್ರೆಗಿಲ್ಲ, ತವರಿಗಂತೂ ಇಲ್ಲವೇ ಇಲ್ಲ.

ಅರವತ್ತರ ಅರಳುಮರಳಲ್ಲ

ಊರಲ್ಲಿ ಇದಕ್ಕೆ ಸಿದ್ಧವಾದ ಮಾತೊಂದಿದೆ: ಅರವತ್ತಕ್ಕೆ ಅರಳುಮರಳು. ಅಷ್ಟು ಹೇಳಿದರೆ ವೈದ್ಯರ ಬಳಿ ಹೋಗುವ ಖರ್ಚು ಉಳಿಯಿತು. ಆದರೆ ವಯಸ್ಸಾದವರೆಲ್ಲ ಹೀಗಾಗುವುದಿಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ವಯಸ್ಸಿನ ಮರೆವು. ಕನ್ನಡಕ ಯಾತಕ್ಕೆ ಎಂದೇ ತಿಳಿಯದಿರುವುದು ಡಿಮೆನ್ಷಿಯಾ. ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ, ಮನೋಖಿನ್ನತೆ ಕೂಡ ಮರೆವಿನ ವೇಷದಲ್ಲಿ ಬರುತ್ತವೆ. ಅವಕ್ಕೆ ಔಷಧ ಇದೆ. ಅರಳುಮರಳೆಂದು ಮೂಲೆಗೆ ಕೂರಿಸಿದರೆ ಆ ಔಷಧವೂ ತಪ್ಪಿತು.

ದೇಶದ ಲೆಕ್ಕ ಹೀಗಿದೆ. 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅಧ್ಯಯನದ ಪ್ರಕಾರ ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ ಇದೆ. ಒಟ್ಟು 88 ಲಕ್ಷ ಜನ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಶಾಲೆಯ ಮೆಟ್ಟಿಲು ಹತ್ತದವರಲ್ಲಿ ಇನ್ನೂ ಹೆಚ್ಚು. ಮೂರೂ ಒಂದೇ ಕಡೆ ಸೇರಿದರೆ ಸಿಗುವುದು ನಮ್ಮ ಹಟ್ಟಿಯ ಅಜ್ಜಿಯೇ.

ಹಳ್ಳಿಯ ಮಿದುಳನ್ನು ಹಳ್ಳಿಗೇ ಹೋಗಿ ಓದಬೇಕೆಂದು ಹೊರಟವರೂ ಕರ್ನಾಟಕದವರೇ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಲವತ್ತೈದು ದಾಟಿದ ರೈತಾಪಿ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಭ್ಯಾಸ ಮಾಡುತ್ತಿದೆ. ಇಂಥ ಅಧ್ಯಯನಗಳ ಮುಂದೆ ಒಂದು ತಮಾಷೆಯ ತೊಡಕು ಇದೆ. 1975ರಲ್ಲಿ ಅಮೆರಿಕದಲ್ಲಿ ಹುಟ್ಟಿ ಜಗತ್ತೆಲ್ಲ ಬಳಕೆಗೆ ಬಂದ ನೆನಪಿನ ಪರೀಕ್ಷೆಯೊಂದು, ಒಂದರ ಮೇಲೊಂದು ಕೂತ ಎರಡು ಐದುಮೂಲೆಯ ಆಕೃತಿಗಳನ್ನು ನೋಡಿ ಬರೆಯಲು ಹೇಳುತ್ತದೆ. ಜೀವಮಾನದಲ್ಲಿ ಪೆನ್ಸಿಲ್ ಹಿಡಿಯದ ಅಜ್ಜಿಗೆ ಅಲ್ಲಿ ಸೊನ್ನೆ ಅಂಕ. ಅದೇ ಅಜ್ಜಿಯ ಕೈಗೆ ರಂಗೋಲಿ ಪುಡಿ ಕೊಟ್ಟಿದ್ದರೆ? ಹದಿನೈದು ಚುಕ್ಕಿ ಇಟ್ಟು ಎಳೆ ತಪ್ಪದೆ ಸುತ್ತಿ ಬಿಡುತ್ತಿದ್ದಳು. ಓದು ಬಾರದವರಿಗೆ ಹೊಂದುವ ಪರೀಕ್ಷೆಗಳನ್ನು ನಮ್ಮ ದೇಶದವರು ಆಮೇಲೆ ರೂಪಿಸಿದರು, ಪುಣ್ಯ.

ಒಂದು ಅಡ್ಡಮಾತು. ಎರಡು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಳ್ಳುತ್ತದೆ ಎಂದು ಸುವರ್ಣಾ ಅಲ್ಲಾಡಿ ಮತ್ತವರ ಸಂಗಡಿಗರು 2013ರಲ್ಲಿ ಹೈದರಾಬಾದಿನ 648 ರೋಗಿಗಳನ್ನು ನೋಡಿ ಬರೆದರು. ಓದು ಬಾರದವರಲ್ಲೂ ಈ ಅಂತರ ಕಂಡಿತ್ತು. ಅಲ್ಲಾಡಿ ಈಗ ನಿಮ್ಹಾನ್ಸ್‌ನಲ್ಲಿದ್ದಾರೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಹಿರಿಯೂರು-ಚಳ್ಳಕೆರೆ ಗಡಿಯವರಿಗೆ ಇದೊಂದು ಸಮಾಧಾನ.

┃ ಪೆಟ್ಟಿಗೆ: ಒಂದಿಷ್ಟು ಲೆಕ್ಕ ┃
ಭಾರತದಲ್ಲಿ ಈಗ ಡಿಮೆನ್ಷಿಯಾ ಇರುವವರು 88 ಲಕ್ಷ. 2036ರ ಹೊತ್ತಿಗೆ 1.69 ಕೋಟಿ ಆಗಬಹುದೆಂಬ ಅಂದಾಜಿದೆ.
ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮನೆಯವರು ರೋಗಿಯ ಆರೈಕೆಗೆ ದಿನಕ್ಕೆ ಸರಾಸರಿ 5 ಗಂಟೆ ಕೊಡುತ್ತಾರೆ. ಆರೈಕೆಯ ಒಟ್ಟು ಗಂಟೆಗಳಲ್ಲಿ ನೂರಕ್ಕೆ 70 ಪಾಲು ಹೆಂಗಸರದು.
ಆರೈಕೆದಾರರ ಭಾರ ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಜ಼ಾರಿಟ್ ಪ್ರಶ್ನಾವಳಿ: 22 ಪ್ರಶ್ನೆ, 88 ಅಂಕ. ಅಂಕ ಏರಿದಷ್ಟೂ ಹೊರೆ ಹೆಚ್ಚು.

ಕೆಲಸವೇ ಅಲ್ಲದ ಕೆಲಸ

ದುಡಿದು ದುಡಿದು ಒಳಗಿನಿಂದ ಬತ್ತಿ ಹೋಗುವ ಸ್ಥಿತಿಗೆ ಬರ್ನ್‌ಔಟ್ ಎಂಬ ಹೆಸರು ಬಳಕೆಗೆ ಬಂದದ್ದು 1974ರಲ್ಲಿ, ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅವರ ಬರಹದಿಂದ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ಕಾಯಿಲೆ ಪಟ್ಟಿಯಲ್ಲಿ ಇದಕ್ಕೆ ಜಾಗ ಕೊಟ್ಟಿತು, ಒಂದು ಷರತ್ತಿನೊಂದಿಗೆ. ಉದ್ಯೋಗದ ಸಂದರ್ಭಕ್ಕೆ ಮಾತ್ರ ಈ ಪದ ಬಳಸಬೇಕು.

ಅಂದರೆ ಆಸ್ಪತ್ರೆಯ ನರ್ಸ್‌ಗೆ ಬರ್ನ್‌ಔಟ್ ಆಗಬಹುದು. ಅದೇ ಒದ್ದೆ ಬಟ್ಟೆ ಬದಲಿಸುವ, ಅದೇ ಬಾಯಿಗೆ ತುತ್ತು ಇಡುವ, ರಜೆಯೂ ಪಾಳಿಯೂ ಇಲ್ಲದ ಸೊಸೆಗೆ ಪಟ್ಟಿಯ ಪ್ರಕಾರ ಆಗುವಂತಿಲ್ಲ. ಸಂಬಳವಿಲ್ಲದ್ದು ಉದ್ಯೋಗವಲ್ಲವಲ್ಲ! ಶಾಸ್ತ್ರ ಏನೇ ಹೇಳಲಿ, ಸಂಶೋಧಕರು ಮನೆಯ ಆರೈಕೆದಾರರಿಗೂ ಆ ಪದವನ್ನು ಧಾರಾಳವಾಗಿ ಬಳಸುತ್ತಾರೆ. 1979ರಷ್ಟು ಹಿಂದೆಯೇ ಇಬ್ಬರು ಅಮೆರಿಕನ್ ಸಂಶೋಧಕರು ಅಶಕ್ತ ಗಂಡಂದಿರನ್ನು ನೋಡಿಕೊಳ್ಳುವ ಹೆಂಡಂದಿರ ಬಗ್ಗೆ ಬರೆದ ಲೇಖನದಲ್ಲಿ ಅವರನ್ನು ಅಡಗಿದ ರೋಗಿಗಳು ಎಂದು ಕರೆದಿದ್ದರು.

ಅಡಗಿದ ರೋಗಿಯ ಲಕ್ಷಣಗಳು ಎಂಥವು? ರಾತ್ರಿ ಎರಡಕ್ಕೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ಬೆನ್ನುನೋವು. ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುವುದು. ಇನ್ನೊಂದಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅತ್ತೆಗೆ ಒಂದು ಏಟು ಹಾಕಿದ್ದು, ಆಮೇಲೆ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತದ್ದು. 'ಇದು ಯಾವಾಗ ಮುಗಿಯುತ್ತೋ' ಎಂದು ಮನಸ್ಸಿಗೆ ಬಂದದ್ದು, ಬಂತಲ್ಲ ಎಂದು ದೇವರ ಮುಂದೆ ಗಲ್ಲ ಬಡಿದುಕೊಂಡದ್ದು. ಜ಼ಾರಿಟ್ ಪ್ರಶ್ನಾವಳಿ ಕೇಳುವುದೂ ಇಂಥದನ್ನೇ: ಅವರ ಬಳಿ ಇದ್ದಾಗ ನಿಮಗೆ ಸಿಟ್ಟು ಬರುತ್ತದೆಯೇ, ನಿಮ್ಮ ಬದುಕು ನಿಮ್ಮ ಕೈತಪ್ಪಿದೆ ಅನ್ನಿಸುತ್ತದೆಯೇ. ಅತ್ತೆ ಹೇಗಿದ್ದಾರೆ ಎಂದು ಊರಲ್ಲಿ ಎಲ್ಲರೂ ಕೇಳುತ್ತಾರೆ. ಜ಼ಾರಿಟ್‌ನ ಈ ಪ್ರಶ್ನೆಗಳನ್ನು ಸೊಸೆಗೆ ಯಾರೂ ಕೇಳಿಲ್ಲ.

ರೋಗಿಯ ಜೊತೆ ಮನೆಯವರನ್ನೂ ಚಿಕಿತ್ಸೆಯೊಳಗೆ ತರುವುದು ನಮ್ಮ ದೇಶದ ಹಿರಿಮೆ. 1950ರ ದಶಕದಲ್ಲೇ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಕುಟುಂಬದವರನ್ನು ಉಳಿಸಿಕೊಂಡರು. ನಿಮ್ಹಾನ್ಸ್ ಕೂಡ ಆ ದಾರಿ ಹಿಡಿಯಿತು. ನಮ್ಮ ನೆರೆಯ ಬಳ್ಳಾರಿಯಲ್ಲಿ 1985ರಲ್ಲಿ ಅದು ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಎಲ್ಲ ಒಳ್ಳೆಯದೇ. ಆದರೆ ಈ ಏರ್ಪಾಟಿನಲ್ಲೆಲ್ಲ ಮನೆಯವರು ಚಿಕಿತ್ಸೆ ಕೊಡುವ ಕೈ ಮಾತ್ರ. ಆ ಕೈಗೇ ನೋವಾದರೆ ಎಂಬ ಯೋಚನೆ ತೀರಾ ಈಚಿನದು.

ಕ್ಷಯದ ಮಂಚದಿಂದ ಬಂದ ಚಿಕಿತ್ಸೆ

ಕಲಾ ಚಿಕಿತ್ಸೆ ಎಂಬ ಹೆಸರಿಟ್ಟವರು ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್. ಕ್ಷಯರೋಗ ಬಂದು ಸ್ಯಾನಿಟೋರಿಯಂ ಸೇರಿದಾಗ ಮಂಚದ ಮೇಲೆ ಕೂತು ಕಣ್ಣೆದುರಿನ ವಸ್ತುಗಳನ್ನೇ ಬರೆಯುತ್ತ ಕಾಲ ಕಳೆದರು. ಅದು ತಮ್ಮನ್ನು ಎತ್ತಿ ನಿಲ್ಲಿಸಿತು ಅನ್ನಿಸಿ ಪಕ್ಕದ ಮಂಚದವರಿಗೂ, ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೂ ಕಲಿಸಿದರು. 1942ರ ಸುಮಾರಿನ ಮಾತು. ಚಿತ್ರ ಚೆನ್ನಾಗಿರಬೇಕೆಂಬ ಹಟ ಇಲ್ಲಿಲ್ಲ. ಬರೆಯುವಾಗ ಏನಾಯಿತು, ಬರೆದ ಮೇಲೆ ಏನು ಮಾತು ಹೊರಬಂತು ಎನ್ನುವುದನ್ನು ತರಬೇತಿ ಪಡೆದ ಚಿಕಿತ್ಸಕರು ಗಮನಿಸುತ್ತಾರೆ. ಡ್ರಾಯಿಂಗ್ ಕ್ಲಾಸಿಗೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ.

ಇದರಿಂದ ಆಗುವುದೇನು? ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ವಯಸ್ಕರಿಗೆ ಜೇಡಿಮಣ್ಣು, ಮಾರ್ಕರ್ ಪೆನ್ನು, ಕತ್ತರಿಸಿ ಅಂಟಿಸುವ ಕಾಗದ ಕೊಟ್ಟು 45 ನಿಮಿಷ ಅವರ ಪಾಡಿಗೆ ಬಿಟ್ಟರು. ಮೊದಲೂ ಕೊನೆಗೂ ಎಂಜಲು ಪರೀಕ್ಷಿಸಿದಾಗ ಸುಮಾರು ಮುಕ್ಕಾಲು ಪಾಲು ಮಂದಿಯಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿದಿತ್ತು. ಮೊದಲೇ ಚಿತ್ರ ಬರೆದು ಗೊತ್ತಿದ್ದವರಿಗೂ ಇಲ್ಲದವರಿಗೂ ಅದರಲ್ಲಿ ಭೇದವಿರಲಿಲ್ಲ. 2016ರಲ್ಲಿ ಇದು ಪ್ರಕಟವಾಯಿತು.

ಅದೇ ತಂಡ ಮುಂದೆ ಕ್ಯಾನ್ಸರ್ ರೋಗಿಗಳ ಆರೈಕೆದಾರರತ್ತ ತಿರುಗಿತು. 34 ಜನರಲ್ಲಿ ಕೆಲವರಿಗೆ ಚಿಕಿತ್ಸಕರ ಜೊತೆ ಕೂತು ಬೇಕಾದ್ದು ಮಾಡುವ ಅವಕಾಶ, ಉಳಿದವರಿಗೆ ಅಚ್ಚಾದ ಚಿತ್ರಕ್ಕೆ ಬಣ್ಣ ತುಂಬುವ ಕೆಲಸ. ಇಲ್ಲೂ 45 ನಿಮಿಷ. ಎರಡೂ ಗುಂಪಿಗೆ ಹಗುರವಾಯಿತು. ಒತ್ತಡ, ಆತಂಕ ಎರಡರಲ್ಲೂ ಇಳಿದವು.

ಈ ಫಲಿತಾಂಶವನ್ನು ನಾನು ಓದುವ ಬಗೆ ಬೇರೆ. ಇಷ್ಟು ಸಣ್ಣ ಅಧ್ಯಯನಗಳಿಂದ ಬಣ್ಣದಲ್ಲೇ ಔಷಧವಿದೆ ಎಂದು ತೀರ್ಮಾನಿಸುವುದು ಅವಸರ. ಡಿಮೆನ್ಷಿಯಾ ಮನೆಗಳ ವಿಷಯದಲ್ಲಂತೂ ಪುರಾವೆ ಇನ್ನೂ ತೆಳುವಾಗಿದೆ. ಆದರೆ ಚಿಕಿತ್ಸಕರಿದ್ದರೂ ಸರಿ, ಬರೀ ಬಣ್ಣ ತುಂಬಿದರೂ ಸರಿ, ಎರಡು ಗುಂಪಿಗೂ ಸಿಕ್ಕ ಒಂದು ವಸ್ತು ಇತ್ತಲ್ಲ? ಯಾರೂ ಕರೆಯದ, ಯಾರ ಕೆಲಸವೂ ಇಲ್ಲದ ಮುಕ್ಕಾಲು ಗಂಟೆ. ಬರೀ ಬಿಡುವು ಕೊಟ್ಟಿದ್ದರೆ ಅವರು ಅದೇ ಚಿಂತೆಯನ್ನು ಮತ್ತೆ ನೂಲುತ್ತ ಕೂರುತ್ತಿದ್ದರೇನೋ. ಕೈಗೊಂದು ಕೆಲಸ ಸಿಕ್ಕಿದ್ದರಿಂದ ಆ ಹೊತ್ತು ಅವರದಾಯಿತು. ನನ್ನ ಲೆಕ್ಕದಲ್ಲಿ ಗಂಟೆ ಮೊದಲು, ಬಣ್ಣ ಆಮೇಲೆ.

ಬೆಂಗಳೂರಿನಲ್ಲಿ ಆ ಗಂಟೆಗೆ ವ್ಯವಸ್ಥೆ ಇದೆ. 1998ರಲ್ಲಿ ಡಾ. ರಾಧಾ ಮೂರ್ತಿ ಮತ್ತು ಪ್ರೇಮ್‌ಕುಮಾರ್ ರಾಜಾ ಕಟ್ಟಿದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, 2010ರಿಂದ ಕಸ್ತೂರಿನಗರದಲ್ಲಿ ಡಿಮೆನ್ಷಿಯಾಕ್ಕೆಂದೇ ಕೇಂದ್ರ ನಡೆಸುತ್ತಿದೆ. ಹಗಲು ಆರೈಕೆ ಕೇಂದ್ರ ಇದ್ದ ಕಡೆ ಹಿರಿಯರನ್ನು ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬರಬಹುದು. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತ್ ನಾಗ್ ಮಾಡಿದ ಆಲ್ಝೈಮರ್ ರೋಗಿ ವೆಂಕೋಬರಾಯರೂ ಆಶ್ರಯಧಾಮದಲ್ಲಿದ್ದವರೇ. ಹೆದ್ದಾರಿಯಲ್ಲಿ ಎರಡೂವರೆ ಮೂರು ಗಂಟೆ ಈಚೆಗೆ ಬಂದರೆ ಧಾಮವೂ ಪಡಸಾಲೆಯೇ, ದಾದಿಯೂ ಸೊಸೆಯೇ. ಮಗ? ಪೀಣ್ಯದ ಕಾರ್ಖಾನೆಯಲ್ಲಿ. ತಿಂಗಳಿಗೊಮ್ಮೆ ಹಣ್ಣು ತರುತ್ತಾನೆ.

ಹಾಡು ಹೋಗುವುದು ಕೊನೆಗೆ

ಮೊಬೈಲಿನಲ್ಲಿ ಹಳೆಯ ಹಾಡು ಹಾಕಿ ಅಜ್ಜಿಯ ಮುಂದಿಟ್ಟರೆ ಸುಮ್ಮನಾಗುತ್ತಾಳೆ ಎನ್ನುವುದು ಎಷ್ಟೋ ಮನೆಯವರು ತಾವಾಗಿ ಕಂಡುಕೊಂಡ ಉಪಾಯ. ಅದರ ಹಿಂದೆ ವಿಜ್ಞಾನವಿದೆ. ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಆಲ್ಝೈಮರ್ ಕಾಯಿಲೆ ಮಿದುಳಿನ ಎಲ್ಲ ಕೋಣೆಗಳಿಗೂ ಒಟ್ಟಿಗೆ ನುಗ್ಗುವುದಿಲ್ಲ. ಬಹುಕಾಲದಿಂದ ಬಲ್ಲ ಹಾಡುಗಳನ್ನು ಕಾಯ್ದಿಡುವ ಭಾಗ ಹೆಚ್ಚುಕಾಲ ಉಳಿಯುತ್ತದೆ. ಮಗನ ಹೆಸರು ಮರೆತವಳು ಸೋಬಾನೆ ಪದದ ಸೊಲ್ಲು ಮರೆಯುವುದಿಲ್ಲ.

ಆದರೆ ಕೇಳಿಸುವುದಕ್ಕೂ ಹಾಡುವುದಕ್ಕೂ ವ್ಯತ್ಯಾಸವಿದೆ, ಅದೂ ಸೊಸೆಯ ದೃಷ್ಟಿಯಿಂದ. ಫಿನ್ಲೆಂಡಿನ ತೆಪ್ಪೊ ಸಾರ್ಕಮೊ ತಂಡ 89 ಜೋಡಿಗಳನ್ನು, ಅಂದರೆ ಆರಂಭದ ಹಂತದ ರೋಗಿ ಮತ್ತು ನೋಡಿಕೊಳ್ಳುವವರನ್ನು, ಮೂರು ಗುಂಪು ಮಾಡಿತು. ಒಂದಕ್ಕೆ ಹಾಡುವುದು, ಇನ್ನೊಂದಕ್ಕೆ ಕೇಳುವುದು, ಮೂರನೆಯದಕ್ಕೆ ಎಂದಿನ ಆರೈಕೆ. ಹತ್ತು ವಾರದ ತರಬೇತಿ. 2014ರಲ್ಲಿ ಬಂದ ವರದಿ ಹೇಳಿತು: ಹಾಡುವುದೂ ಕೇಳುವುದೂ ರೋಗಿಗಳ ಮನಸ್ಸಿಗೆ ಹಿತ ತಂದವು, ಆದರೆ ಆರೈಕೆದಾರರಿಗೆ ಒಳಿತಾದದ್ದು ಹಾಡಿದ ಗುಂಪಿನಲ್ಲಿ.

ಫಿನ್ಲೆಂಡಿನವರು ತರಗತಿ ಮಾಡಿ ಕಲಿಸಿದ್ದನ್ನು ನಮ್ಮ ಸೀಮೆ ಬೀಸುವ ಕಲ್ಲಿನ ಮುಂದೆ ಮಾಡುತ್ತಿತ್ತು. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಸಿರಿಯಜ್ಜಿಯ ಸಂಗಡ ಹಾಡಿದವರ ಮಕ್ಕಳು ಮೊಮ್ಮಕ್ಕಳು ಈಗಲೂ ಹಟ್ಟಿಗಳಲ್ಲಿದ್ದಾರೆ. ಆದರೆ ಬೀಸುವ ಕಲ್ಲು ಹಿತ್ತಲು ಸೇರಿತು, ಮಿಲ್ಲಿನ ಸದ್ದಿನಲ್ಲಿ ಪದ ಹಾಡುವವರಿಲ್ಲ. ಕಲ್ಲಿನ ದುಡಿತ ಹೋಗಿದ್ದು ಹೆಂಗಸರ ಪುಣ್ಯ, ಅದಕ್ಕೆ ಕಣ್ಣೀರು ಬೇಡ. ಹಾಡೂ ಅದರ ಜೊತೆ ಹೋಗಬೇಕಿರಲಿಲ್ಲ.

ಈ ಮನೆಯ ಅಜ್ಜಿಗೂ ಪದ ಬರುತ್ತವೆ. ಸ್ನಾನ ಮಾಡಿಸುವಾಗ ಕಿರುಚಾಡುವವಳು ಸೊಸೆ ಒಂದು ಸೊಲ್ಲು ಎತ್ತಿದರೆ ಮುಂದಿನದನ್ನು ತಾನೇ ಹೇಳುತ್ತಾಳೆ. ಆ ಸೊಲ್ಲು ಮುಗಿಯುವಷ್ಟರಲ್ಲಿ ನಾಲ್ಕು ತಂಬಿಗೆ ನೀರು ಬಿದ್ದಿರುತ್ತದೆ.

ಹಳೇ ಸೀರೆಯ ಕೌದಿ

ಕೌದಿಯ ವಿಷಯಕ್ಕೆ ಬರೋಣ. ಬಣ್ಣದ ಡಬ್ಬಿ, ಕ್ಯಾನ್ವಾಸು ಹಳ್ಳಿಗೆ ತಂದು ಹಂಚುವ ಉತ್ಸಾಹಿಗಳು ಇದನ್ನೊಮ್ಮೆ ನೋಡಬೇಕು.

ಮೊದಲು ಹಳೆಯ ಸೀರೆಯನ್ನು ನೆಲದ ಮೇಲೆ ಹಾಸಿ ನಾಲ್ಕು ಮೂಲೆ ಎಳೆದು ಸುಕ್ಕು ತೆಗೆಯಬೇಕು. ಅದರ ಮೇಲೆ ಹರಿದ ಪಂಚೆ, ಲಂಗ, ಅಂಗಿಯ ಬೆನ್ನು. ಅಂಚು ಮಡಿಸಿ ಒಂದರ ಪಕ್ಕ ಒಂದು. ತೂತು ಬಿದ್ದ ಕಡೆ ಚೌಕದ ತೇಪೆ. ಆಮೇಲೆ ದೊಡ್ಡ ಸೂಜಿಗೆ ದಪ್ಪ ದಾರ ಪೋಣಿಸಿ ಅಂಚಿನಿಂದ ಹೊರಟು, ಬೆರಳಗಲ ಬಿಟ್ಟು ಇನ್ನೊಂದು ಸಾಲು, ಮತ್ತೊಂದು ಸಾಲು, ಸುತ್ತಿ ಸುತ್ತಿ ನಡುವಿಗೆ ಬರಬೇಕು. ಒಬ್ಬಳೇ ಕೂತರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಎಲ್ಲಿಂದ ಬೇಕಾದರೂ ಮತ್ತೆ ಎತ್ತಿಕೊಳ್ಳಬಹುದು. ಐದು ನಿಮಿಷಕ್ಕೊಮ್ಮೆ ಎದ್ದು ಹೋಗಬೇಕಾದ ಹೆಂಗಸಿಗೆ ಇದಕ್ಕಿಂತ ಹೊಂದುವ ಕಲೆ ಯಾವುದು?

ಅಡುಗೆ ಮಾಡಿದ್ದು ಉಂಡರೆ ಮುಗಿಯಿತು. ಒಗೆದದ್ದು ಮತ್ತೆ ಒದ್ದೆಯಾಯಿತು. ಡಿಮೆನ್ಷಿಯಾದ ಮನೆಯಲ್ಲಿ ಯಾವ ಕೆಲಸವೂ ಮುಗಿದು ನಿಲ್ಲುವುದಿಲ್ಲ, ರೋಗಿ ವಾಸಿಯಾಗುವ ದಿನವಂತೂ ಬರುವುದಿಲ್ಲ. ಅಂಥ ಕಡೆ ಇವತ್ತು ಹಾಕಿದ ಹೊಲಿಗೆ ನಾಳೆಗೂ ಇದ್ದಲ್ಲೇ ಇರುತ್ತದೆ. ಕಲಾ ಚಿಕಿತ್ಸೆಯ ದೊಡ್ಡ ಪುಸ್ತಕಗಳು ಹೇಳುವುದರಲ್ಲಿ ನನಗೆ ಮನದಟ್ಟಾದದ್ದು ಇದೊಂದು.

ಕೌದಿ ಹರಡಿದರೆ ಅಜ್ಜಿಯೂ ಹತ್ತಿರ ಸರಿಯುತ್ತಾಳೆ. ಬೆರಳು ತುಂಡುಗಳ ಮೇಲೆ ಓಡಾಡುತ್ತದೆ, ಒಂದು ಕಡೆ ನಿಲ್ಲುತ್ತದೆ. ತನ್ನ ಧಾರೆಸೀರೆಯ ಅಂಚು ಎಂದು ಅವಳಿಗೆ ಗೊತ್ತಾಯಿತೋ, ಒರಟು ಜರಿ ಬೆರಳಿಗೆ ಸಿಕ್ಕಿತೋ, ಹೇಳುವವರಾರು. ಅವಳ ಕೈ ಸುಮ್ಮನಿರುವಷ್ಟು ಹೊತ್ತು ಸೊಸೆಗೆ ಹೊಲಿಗೆ ಓಡುತ್ತದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಡಿಮೆನ್ಷಿಯಾ ರೋಗಿಗಳ ಚಡಪಡಿಸುವ ಕೈಗೆ ಗುಂಡಿ, ಲಾಡಿ, ಮಣಿ ಹೊಲಿದ, ಕೈ ತೂರಿಸುವ ಉಣ್ಣೆಯ ಚೀಲ ಕೊಡುತ್ತಾರೆ. ಟ್ವಿಡಲ್‌ಮಫ್ ಎಂದು ಹೆಸರು. ಸ್ವಯಂಸೇವಕರು ಹೆಣೆದು ಕೊಡುತ್ತಾರೆ. ಕೌದಿಯ ಒಂದು ಮೂಲೆಗೆ ನಾಲ್ಕು ಅಂಗಿ ಗುಂಡಿ, ಒಂದು ಲಾಡಿ ಹೊಲಿದರೆ ನಮ್ಮ ಟ್ವಿಡಲ್‌ಮಫ್ ತಯಾರು. ಗುಂಡಿ ಬಿಗಿಯಾಗಿರಲಿ, ಕಿತ್ತು ಬಾಯಿಗೆ ಹಾಕಿಕೊಳ್ಳುವ ಹಂತದವರಿಗೆ ಗುಂಡಿಯೇ ಬೇಡ. ಸೂಜಿ ಎಣಿಸಿ ಎತ್ತಿಡಬೇಕು.

ಇನ್ನೊಂದು ಉಪಾಯಕ್ಕೆ ಸೂಜಿಯೂ ಬೇಡ. 1998ರಲ್ಲಿ ಆನ್ ಬಾಸ್ಟಿಂಗ್ ಅಮೆರಿಕದಲ್ಲಿ ಟೈಮ್‌ಸ್ಲಿಪ್ಸ್ ಎಂಬುದನ್ನು ಆರಂಭಿಸಿದರು. ರೋಗಿಗೆ ಒಂದು ಚಿತ್ರ ತೋರಿಸುತ್ತಾರೆ. ಇದು ಯಾರು, ನೆನಪಿದೆಯಾ ಎಂದು ಕೇಳುವುದಿಲ್ಲ. ಇಲ್ಲಿ ಏನು ನಡೀತಿದೆ, ಇವಳ ಹೆಸರು ಏನಿರಬಹುದು ಎಂದು ಕೇಳುತ್ತಾರೆ. ಬಂದ ಉತ್ತರವೆಲ್ಲ ಸರಿ. ಎಲ್ಲವನ್ನೂ ಬರೆದುಕೊಂಡು ಕಥೆ ಮಾಡಿ ಓದುತ್ತಾರೆ. ನೆನಪಿನ ಪರೀಕ್ಷೆಯಲ್ಲಿ ದಿನಕ್ಕೆ ನೂರು ಸಲ ಫೇಲಾಗುವವರು ಇಲ್ಲಿ ಪಾಸು. ನಮ್ಮ ಮನೆಗಳ ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಚಿತ್ರವಿರುತ್ತದೆ, ಖರ್ಚಿಲ್ಲ. ಅಜ್ಜಿಯನ್ನು ತಿದ್ದುವ ಕೆಲಸ ನಿಂತರೆ ಜಗಳ ಅರ್ಧ ಇಳಿಯುತ್ತದೆ. 'ದೇವ್ರಿಗೆ ಕಣತ್ತೆ' ಎಂದ ಸೊಸೆಗೆ ಇದು ಯಾರೂ ಹೇಳಿಕೊಡದೆ ಗೊತ್ತಾಗಿತ್ತು. ಸುಳ್ಳು ಹೇಳಿದೆನಲ್ಲ ಎಂಬ ಅಳುಕು ಮಾತ್ರ ಉಳಿದಿತ್ತು. ಆ ಅಳುಕು ಬೇಕಿಲ್ಲ ಎಂದು ಹೇಳುವವರೊಬ್ಬರು ಅವಳಿಗೆ ಬೇಕು.

┃ ಪೆಟ್ಟಿಗೆ: ಯಾರನ್ನು ಕೇಳುವುದು? ┃
ಟೆಲಿ ಮನಸ್, 14416: ಹಗಲಿರುಳು, ಕನ್ನಡದಲ್ಲೂ ಮಾತಾಡಬಹುದು. ರೋಗಿಗೆ ಮಾತ್ರವಲ್ಲ, ನೋಡಿಕೊಳ್ಳುವವರಿಗೂ.
ಎಲ್ಡರ್‌ಲೈನ್, 14567: ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ.
ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್. ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್‌ನ ಮಿದುಳು ಆರೋಗ್ಯ ಕ್ಲಿನಿಕ್ ಜಿಲ್ಲಾ ಆಸ್ಪತ್ರೆಯಲ್ಲಿ.
ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಸಾಯುವ ಯೋಚನೆ ಬಂದರೆ, ಕೈ ಮಾಡುವಷ್ಟು ಸಿಟ್ಟು ಬರುತ್ತಿದ್ದರೆ ಕೌದಿ, ಹಾಡು ಸಾಲದು. ವೈದ್ಯರನ್ನೇ ಕಾಣಬೇಕು.

ಮುಯ್ಯಾಳು ಬೇಕಾಗಿದ್ದಾರೆ

ಹಾಗಾದರೆ ಆ ಗಂಟೆ ಎಲ್ಲಿಂದ ಬರಬೇಕು?

ಮೊಬೈಲಿನಿಂದ ಬಂದೀತು ಎಂಬ ಆಸೆ ಕೆಲವರಿಗಿದೆ. ವಿಶ್ವ ಆರೋಗ್ಯ ಸಂಸ್ಥೆ ಆರೈಕೆದಾರರಿಗೆಂದು ಐಸಪೋರ್ಟ್ ಎಂಬ ಆನ್‌ಲೈನ್ ಪಾಠ ಮಾಡಿದೆ. ನಿಮ್ಹಾನ್ಸ್ ತಜ್ಞರು ಅದನ್ನು ಭಾರತಕ್ಕೆ ಒಗ್ಗಿಸಿ ಪರೀಕ್ಷಿಸಿದರು. ರೋಗಿಯನ್ನು ನೋಡುವ ದೃಷ್ಟಿ ಹದವಾಯಿತು. ಹೊರೆಯೂ ಖಿನ್ನತೆಯೂ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಸೇರಿದವರಲ್ಲಿ ಬಹಳ ಮಂದಿ ನಡುವೆಯೇ ಬಿಟ್ಟರು. ಆಶ್ಚರ್ಯವೇನಿಲ್ಲ. ಪಾಠ ಕೇಳಲೂ ಬಿಡುವು ಬೇಕಷ್ಟೆ.

ದುಡ್ಡಿನಿಂದ? ಕೇರಳದಲ್ಲಿ ಆಶ್ವಾಸಕಿರಣಂ ಎಂಬ ಯೋಜನೆಯಡಿ ಹಾಸಿಗೆ ಹಿಡಿದವರನ್ನು ಪೂರ್ಣಕಾಲ ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿದ್ದಾರೆ. ಮೊತ್ತ ಕೇಳಿ ನಗು ಬರಬಹುದು. ಆದರೂ ಅದು ಸೊಸೆಯ ದುಡಿತವನ್ನು ಸರ್ಕಾರಿ ಕಾಗದದ ಮೇಲೆ ದುಡಿತವೆಂದು ಬರೆಯಿತು.

ನಮ್ಮಲ್ಲಿ ಇದಕ್ಕಿಂತ ಹಳೆಯದೊಂದು ಇದೆ, ಮುಯ್ಯಾಳು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿ ಇಲ್ಲ, ಲೆಕ್ಕ ಮಾತ್ರ ಪಕ್ಕಾ. ಶೇಂಗಾ ಕೀಳಲು, ಕಳೆ ತೆಗೆಯಲು ನಡೆಯುವ ಈ ಏರ್ಪಾಟು ಅತ್ತೆಯ ಪಕ್ಕ ಒಂದು ಗಂಟೆ ಕೂರಲು ಯಾಕೆ ನಡೆಯಬಾರದು? 2000ದಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳು ಊರೂರಲ್ಲಿವೆ. ವಾರದ ಸಭೆ ಸೇರುತ್ತವೆ, ಉಳಿತಾಯ ಕಟ್ಟಿ, ಸಾಲದ ಪುಸ್ತಕ ಬರೆದು ಎದ್ದು ಹೋಗುತ್ತವೆ. ಅಂಗನವಾಡಿಯ ಕೋಣೆ ಮಕ್ಕಳು ಮನೆಗೆ ಹೋದ ಮೇಲೆ ಖಾಲಿ. ಯಾವ ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಿದ್ದಾರೆ, ಯಾರು ದಾರಿ ತಪ್ಪುತ್ತಾರೆ ಎನ್ನುವುದು ಆಶಾ ಕಾರ್ಯಕರ್ತೆಗೆ ಬಾಯಿಪಾಠ. ಸಂಘದ ಇಬ್ಬರು ಸರದಿಯ ಮೇಲೆ ಅಜ್ಜಿಯ ಬಳಿ ಕೂತರೆ, ಸೊಸೆ ಆ ಕೋಣೆಗೆ ಕೌದಿ ಎತ್ತಿಕೊಂಡು ಬರಬಹುದು. ಹೊಲಿಯುವಾಗ ಮಾತು ತಾನಾಗಿ ಬರುತ್ತದೆ. ಕಣ್ಣಿಗೆ ಕಣ್ಣು ಕೂಡಿಸದೆ, ಬಟ್ಟೆ ನೋಡುತ್ತ ಆಡುವ ಮಾತು. ತಿಂಗಳಿಗೊಮ್ಮೆ ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಆಪ್ತಸಮಾಲೋಚಕರೊಬ್ಬರು ಬಂದು ಅಲ್ಲಿ ಕೂತರೆ ಅದಕ್ಕೆ ಕಲಾ ಚಿಕಿತ್ಸೆ ಎಂಬ ಹೆಸರೂ ಸಲ್ಲೀತು.

ತೊಡಕುಗಳಿವೆ. ಅತ್ತೆಯ ಒದ್ದೆ ಬಟ್ಟೆಯನ್ನು ಪಕ್ಕದ ಮನೆಯವಳು ಕಂಡರೆ ಮರ್ಯಾದೆ ಹೋಯಿತೆನ್ನುವ ಮನೆಗಳಿವೆ. ಒಬ್ಬರ ಮನೆಗೆ ಒಬ್ಬರು ಕಾಲಿಡದ ಜಾತಿಯ ಗೆರೆಗಳಿವೆ. ಸಂಘದ ಪುಸ್ತಕದಲ್ಲಿ ಒಟ್ಟಿಗಿರುವ ಹೆಸರುಗಳು ಪಡಸಾಲೆಯಲ್ಲಿ ಒಟ್ಟಿಗಿರುವುದಿಲ್ಲ. 'ಅತ್ತೇನ ಊರವರ ಕೈಲಿ ಬಿಟ್ಟು ಹೊಲಿಯಾಕೆ ಹೋದ್ಲು' ಎಂಬ ಮಾತು ಆಡುವವರಿದ್ದಾರೆ, ಆಡುವವರಲ್ಲಿ ಆ ಅಜ್ಜಿಯ ಹೆಣ್ಣುಮಕ್ಕಳೂ ಇರುತ್ತಾರೆ. ಪೀಣ್ಯದಿಂದ ಬರುವ ಮಗ ಆ ಒಂದು ಭಾನುವಾರ ಅಮ್ಮನ ಪಕ್ಕ ಕೂತರೆ ಮೊದಲ ಮುಯ್ಯಿ ಮನೆಯೊಳಗೇ ತೀರುತ್ತದೆ. ಅದಕ್ಕೆ ಯಾವ ಸಂಘದ ಠರಾವೂ ಬೇಡ.

ಸದ್ಯಕ್ಕೆ ಯಾರನ್ನೂ ಕೇಳುವಂತಿಲ್ಲ. ಶೇಂಗಾ ಕೀಳುವ ಕಾಲ ಹತ್ತಿರ ಬಂತು, ಹೆಂಗಸರಿಗೆ ಕೈ ಬಿಡುವಿರುವುದಿಲ್ಲ. ದೀಪಾವಳಿ ಕಳೆದ ಮೇಲೆ ಸಂಘದ ಸಭೆಯಲ್ಲಿ, ಸಾಲದ ಪುಸ್ತಕ ಮುಚ್ಚುವ ಮೊದಲು ಯಾರಾದರೂ ಮಾತು ತೆಗೆಯಬೇಕು. ತೆಗೆಯುವವಳು ಸೊಸೆಯೇ ಆಗಿದ್ದರೆ ಕಷ್ಟ. ಅವಳು ಸಭೆಗೆ ಬರುವುದು ಬಿಟ್ಟು ಬಹಳ ದಿನವಾಯಿತು.